ನಾಲೆ ಏರಿಗೆ ತಕ್ಕ ಟೈರು, ಮುಂದಿನ ಆಕ್ಸಲ್‌ಗೆ ಲಾಕರ್

ಕಳೆದ ಅಕ್ಟೋಬರ್‌ನಲ್ಲಿ ಹಿಂಗಾರು ಮಳೆ ಮೂರು ದಿನ ಬಿಡದೆ ಹೊಯ್ದ ಮೇಲೆ, ಪಾಂಡವಪುರ ತಾಲ್ಲೂಕಿನ ನಮ್ಮ ತೋಟದ ಹಾದಿಯಲ್ಲಿ ನನ್ನ ಮಾರುತಿ ಜಿಪ್ಸಿ ನಿಂತುಬಿಟ್ಟಿತು. ಉಪನಾಲೆಯ ಏರಿಯಿಂದ ತೋಟಕ್ಕೆ ತಿರುಗುವ ಜಾಗದಲ್ಲಿ ಒಂದು ಹಳೆಯ ಮೋರಿ ಇದೆ. ಅದರ ಒಂದು ಪಕ್ಕ ಕುಸಿದು, ಕಲ್ಲು ಚಪ್ಪಡಿಯ ಅಂಚು ಮೇಲೆದ್ದಿದೆ. ಗಾಡಿ ಅದನ್ನು ಓರೆಯಾಗಿಯೇ ಹತ್ತಬೇಕು. ಹತ್ತುವಾಗ ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಒಟ್ಟಿಗೆ ಭಾರ ಕಳೆದುಕೊಳ್ಳುತ್ತವೆ. ತಮ್ಮನನ್ನು ಸ್ಟೇರಿಂಗ್ ಮುಂದೆ ಕೂರಿಸಿ ಟಾರ್ಚ್ ಹಿಡಿದು ಇಳಿದೆ. ಫೋರ್ ವೀಲ್ ಲೋ ಗೇರಿನಲ್ಲಿತ್ತು. ಮುಂದಿನ ಎಡ ಚಕ್ರ ಗಾಳಿಯಲ್ಲಿ ಸುಯ್ಯೆಂದು ತಿರುಗುತ್ತಿತ್ತು. ಬಲ ಚಕ್ರ ಗಟ್ಟಿ ಕಲ್ಲಿನ ಮೇಲೆ ಕುಳಿತಿದ್ದರೂ ಒಂದಿಂಚು ಅಲುಗಲಿಲ್ಲ. ಹಿಂದೆಯೂ ಅದೇ ಕಥೆ, ಬಲಕ್ಕೆ ಕೆಸರು ಎರಚುತ್ತಿತ್ತು, ಎಡಕ್ಕೆ ನಿಶ್ಚಲ. ಕೊನೆಗೆ ದೊಡ್ಡಪ್ಪನ ಟ್ರ್ಯಾಕ್ಟರ್ ಬಂದು ಎಳೆಯಿತು.

ಆ ರಾತ್ರಿಯೇ ಲಾಕರ್, ಅಂದರೆ ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ, ಹಾಕಿಸಬೇಕೆಂದು ನಿಶ್ಚಯಿಸಿದೆ. ಆದರೆ ಯಾವುದು, ಯಾವ ಆಕ್ಸಲ್‌ಗೆ, ಟೈರ್ ಮೊದಲೋ ಲಾಕರ್ ಮೊದಲೋ ಎಂಬುದು ತೀರ್ಮಾನವಾಗಲು ಮೂರು ತಿಂಗಳು ಹಿಡಿಯಿತು. ಹಳೆಯ ಜಿಪ್ಸಿ ಇಟ್ಟುಕೊಂಡು ಹಳ್ಳಿಗೂ ಮೈಸೂರಿಗೂ ಓಡಾಡುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅವರಿಗೆ ಉಪಯೋಗವಾಗಲೆಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ಮೊದಲು ಗಾಡಿ ಯಾಕೆ ನಿಂತಿತು ಎಂಬುದು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕು. ಅದಕ್ಕೆ ಅವಕಾಶ ಕೊಡಲೆಂದೇ ಡಿಫರೆನ್ಷಿಯಲ್ ಇರುವುದು. ಸಾದಾ ಡಿಫರೆನ್ಷಿಯಲ್ ಎರಡು ಚಕ್ರಗಳ ವೇಗ ಬೇರೆಯಾಗಲು ಬಿಡುತ್ತದೆ, ಬಲವನ್ನು ಮಾತ್ರ ಸಮನಾಗಿ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು ಬೇಕಾದ ಬಲ ಹೆಚ್ಚುಕಡಿಮೆ ಸೊನ್ನೆ. ಹಂಚಿಕೆ ಸಮ ಎಂದಮೇಲೆ ಕಲ್ಲಿನ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಫೋರ್ ವೀಲ್ ಹಾಕಿದರೆ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಶಕ್ತಿ ಹೋಗುತ್ತದೆ, ನಿಜ. ಆದರೆ ಎರಡರಲ್ಲೂ ಒಂದೊಂದು ಚಕ್ರ ಹಿಡಿತ ತಪ್ಪಿದರೆ ನಾಲ್ಕು ಚಕ್ರದ ಗಾಡಿಯೂ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಆಕ್ಸಿಲರೇಟರ್ ಜೊತೆಗೆ ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿ ಹಿಡಿದರೆ, ಗಾಳಿಯಲ್ಲಿ ತಿರುಗುವ ಚಕ್ರಕ್ಕೆ ತಡೆ ಸಿಕ್ಕಿ, ಅಷ್ಟೇ ಬಲ ಇನ್ನೊಂದು ಚಕ್ರಕ್ಕೂ ದೊರೆಯುತ್ತದೆ. ಸಣ್ಣ ಗುಂಡಿಗಳಲ್ಲಿ ಇದು ನನ್ನನ್ನು ಹಲವು ಸಲ ಕಾಪಾಡಿದೆ. ಮೋರಿಯ ಮೇಲೆ ಸಾಲಲಿಲ್ಲ.

ನನ್ನದು 1.3 ಲೀಟರ್ ಪೆಟ್ರೋಲ್ ಎಂಜಿನ್ನಿನ ಜಿಪ್ಸಿ ಕಿಂಗ್. ತೂಕ ಸಾವಿರ ಕೆ.ಜಿ. ಆಸುಪಾಸು, ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್, ಲೀಫ್ ಸ್ಪ್ರಿಂಗ್, ಮುಂದಿನ ಚಕ್ರಗಳಲ್ಲಿ ಕೈಯಿಂದ ತಿರುಗಿಸಿ ಚಕ್ರವನ್ನು ಶಾಫ್ಟ್‌ಗೆ ಜೋಡಿಸುವ ಅಥವಾ ಬಿಡಿಸುವ ಫ್ರೀ ವೀಲ್ ಹಬ್. ಈ ಹಬ್‌ಗಳೇ ಕೊನೆಗೆ ನನ್ನ ತೀರ್ಮಾನವನ್ನು ನಿರ್ಧರಿಸಿದವು. ಗಾಡಿಯನ್ನು ಮಾರಿ ಹೊಸ ಥಾರ್ ತೆಗೆದುಕೊ ಎಂದವರಿದ್ದಾರೆ. ಅದರ ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗಿ ಬೀಳುವ ಲಾಕ್ ಕಾರ್ಖಾನೆಯಿಂದಲೇ ಬರುತ್ತದೆ. ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತು ಮುಟ್ಟಿದಾಗ ಕಚ್ಚಿಕೊಳ್ಳುತ್ತದೆ. ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಾಕ್ ಇದೆ. ಎರಡೂ ಒಳ್ಳೆಯ ಗಾಡಿಗಳು. ಆದರೆ ನಮ್ಮ ಏರಿಯ ಅಗಲ ನನಗೆ ಗೊತ್ತು. ಜಿಪ್ಸಿಯ ಮೈ ಕಿರಿದು, ತೂಕ ಕಡಿಮೆ. ಎದುರಿಗೆ ಎತ್ತಿನ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಇದೇ ಸೈ.

ಟೈರನ್ನೇ ಮೊದಲು ಬದಲಿಸಿದೆ. ಲಾಕರ್ ಇದ್ದರೂ ಕೊನೆಗೆ ನೆಲವನ್ನು ಹಿಡಿಯುವುದು ರಬ್ಬರ್. ನುಣುಪಾದ ಟೈರಿನ ಗಾಡಿಗೆ ಲಾಕರ್ ಹಾಕಿದರೆ ಒಂದರ ಬದಲು ಎರಡು ಚಕ್ರ ಜಾರುತ್ತವೆ, ಅಷ್ಟೇ. ಜಿಪ್ಸಿ ಕಿಂಗ್‌ಗೆ ಕಂಪನಿಯ ಅಳತೆ 205/70 ಆರ್ 15, ಅಂದರೆ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 70, ರಿಮ್ 15 ಇಂಚು. ಲೆಕ್ಕ ಹಾಕಿದರೆ ಎತ್ತರ 668 ಮಿ.ಮೀ. ನನ್ನ ಮುಂದೆ ಎರಡು ಆಯ್ಕೆಗಳಿದ್ದವು. 215/75 ಆರ್ 15, ಎತ್ತರ ಸುಮಾರು 703 ಮಿ.ಮೀ.; 235/75 ಆರ್ 15, ಎತ್ತರ 733 ಮಿ.ಮೀ. ಟೈರ್ ಎತ್ತರ ಹೆಚ್ಚಿದಷ್ಟೂ ಡಿಫರೆನ್ಷಿಯಲ್ ನೆಲದಿಂದ ಮೇಲೇಳುತ್ತದೆ ಎಂದು ಜನ ಹೇಳುತ್ತಾರೆ. ಅದರಲ್ಲಿ ಅರ್ಧ ಮಾತ್ರ ನಿಜ, ಏಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ. 215ರಿಂದ ನನಗೆ ಸಿಗುವುದು 17-18 ಮಿ.ಮೀ., 235ರಿಂದ 32 ಮಿ.ಮೀ. ಆ ಹೆಚ್ಚಿನ ಹದಿನೈದು ಮಿ.ಮೀ.ಗಾಗಿ ತೆರಬೇಕಾದ ಬೆಲೆ ದೊಡ್ಡದು. ಚಕ್ರ ದೊಡ್ಡದಾದಷ್ಟೂ ಗೇರು ಭಾರವಾಗುತ್ತದೆ: 215ಕ್ಕೆ ಶೇ 5ರಷ್ಟು, 235ಕ್ಕೆ ಹೆಚ್ಚುಕಡಿಮೆ ಶೇ 10ರಷ್ಟು. 1.3 ಲೀಟರ್ ಎಂಜಿನ್ನಿಗೆ ಹತ್ತು ಬಹಳ ಹೆಚ್ಚಾಯಿತು. ಜೊತೆಗೆ, ಜಿಪ್ಸಿಯ ಐದೂವರೆ ಇಂಚು ಅಗಲದ ರಿಮ್ಮಿನ ಮೇಲೆ 215 ಸರಿಯಾಗಿ ಕೂರುತ್ತದೆ; 235ಕ್ಕೆ ಕನಿಷ್ಠ ಆರು ಇಂಚಿನ ರಿಮ್ ಬೇಕು. ಅಗಲ ರಿಮ್, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಎಂದು ಹೊರಟರೆ, ಗಾಡಿಯ ಮೂಲ ಸ್ವರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಎದುರಾಗುತ್ತದೆ. ಆ ದಾರಿಯನ್ನು ನಾನು ಹಿಡಿಯಲಿಲ್ಲ.

215ರ ಪರವಾಗಿ ಇನ್ನೊಂದು ಕಾರಣವಿದೆ. ಅದು ಬೊಲೆರೊ ಅಳತೆ. ಮಂಡ್ಯ, ಪಾಂಡವಪುರ, ನಾಗಮಂಗಲ, ಎಲ್ಲಿ ಟೈರ್ ಹರಿದರೂ ಅಂದೇ ಇನ್ನೊಂದು ಸಿಗುತ್ತದೆ.

ಅಗಲದ ಬಗ್ಗೆ ಒಂದು ಮಾತು. ಕೆಸರಿಗೆ ಅಗಲವಾದ ಟೈರೇ ಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಮರಳಿಗೆ ಅದು ಸರಿ. ನಮ್ಮ ಏರಿಯ ಕೆಸರು ಒಂದು ಗೇಣು ಮಾತ್ರ. ಅದರ ಕೆಳಗೆ ವರ್ಷಗಳಿಂದ ಗಾಡಿ ಓಡಿ ಗಟ್ಟಿಯಾದ ಗರಸು ಇದೆ. ಕಿರಿದಾದ ಟೈರ್ ಕೆಸರನ್ನು ಸೀಳಿ ಆ ಗರಸನ್ನು ಮುಟ್ಟುತ್ತದೆ, ಅಗಲವಾದದ್ದು ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ. ಇನ್ನು ಉತ್ತು ಕಲಸಿದ ಗದ್ದೆಗೆ ಯಾವ ಟೈರೂ ಆಗದು. ಅಲ್ಲಿ ಟ್ರ್ಯಾಕ್ಟರಿಗೇ ಕೇಜ್ ವೀಲ್ ಬೇಕು.

ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರೋ, ಕೆಸರು ಡಾಂಬರು ಎರಡಕ್ಕೂ ಆಗುವ ಆಲ್ ಟೆರೇನೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ನನ್ನ ವಾರದ ಓಡಾಟ. ಮೈಸೂರಿನಿಂದ ಶ್ರೀರಂಗಪಟ್ಟಣದ ಮೇಲೆ ಪಾಂಡವಪುರದವರೆಗೆ ಡಾಂಬರು. ಕೊನೆಯ ಮೂರು ಕಿಲೋಮೀಟರ್ ಮಾತ್ರ ಏರಿ. ಮಡ್ ಟೈರಿನ ದೊಡ್ಡ ಗಟ್ಟಿಗಳ ನಡುವಿನ ಅಗಲ ಸಂದುಗಳು ಕೆಸರನ್ನು ಚೆನ್ನಾಗಿ ಉದುರಿಸುತ್ತವೆ. ಆದರೆ ಒದ್ದೆ ಡಾಂಬರಿನ ಮೇಲೆ ರಸ್ತೆಯನ್ನು ಮುಟ್ಟುವ ರಬ್ಬರ್ ಕಡಿಮೆ, ಬ್ರೇಕ್ ಹಾಕಿದರೆ ದೂರ ಹೋಗಿ ನಿಲ್ಲುತ್ತದೆ. ಸ್ಟೇರಿಂಗ್ ಹಿಡಿದು ಕೂತಾಗ ಪಕ್ಕದಲ್ಲಿ ಅಮ್ಮ ಇರುತ್ತಾರೆ. ಆಲ್ ಟೆರೇನ್ ತೆಗೆದುಕೊಂಡೆ.

ಮೈಸೂರು ಟೈರಿನ ಊರು. ವಿಕ್ರಾಂತ್ ಟೈರ್ಸ್ ಇಲ್ಲಿ ಹುಟ್ಟಿ ಬೆಳೆದ ಕಾರ್ಖಾನೆ. 1997ರಲ್ಲಿ ಜೆಕೆ ಕೈಗೆ ಹೋದ ಮೇಲೂ ಹಳಬರ ಬಾಯಲ್ಲಿ ಅದು ವಿಕ್ರಾಂತೇ. ಆ ಊರಿನಲ್ಲೇ ಒಂದು ಅಂಗಡಿಯವರು ನನಗೆ ಹಳೆಯ ಸರಕನ್ನು ಕೊಡಲು ನೋಡಿದರು. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2221 ಎಂದಿದ್ದರೆ 2021ರ 22ನೇ ವಾರ. ಅವರು ತೋರಿಸಿದ ನಾಲ್ಕರಲ್ಲಿ ಎರಡು ಟೈರುಗಳು ಮೂರು ವರ್ಷ ಮೀರಿದವು. ಕಪ್ಪು ಪಾಲಿಶ್ ಬಳಿದಿದ್ದರಿಂದ ನೋಡಲು ಹೊಸದೇ. ಬೇಡ ಎಂದು ಹೇಳಿ ಬೇರೆ ಅಂಗಡಿಗೆ ಹೋದೆ. ಕೊಳ್ಳುವವರು ದಯವಿಟ್ಟು ಬಗ್ಗಿ ನೋಡಿ. ಆ ಅಂಕಿ ಟೈರಿನ ಒಳಬದಿಗೆ ಇದ್ದರೆ ಮಗ್ಗುಲು ತಿರುಗಿಸಿ ತೋರಿಸಲು ಹೇಳಿ.

ಗಾಳಿಯ ಒತ್ತಡಕ್ಕೆ ಒಂದು ಭಾನುವಾರವಿಡೀ ಕೊಟ್ಟೆ. ಈ ಟೈರಿನ ಭಾರ ಸೂಚ್ಯಂಕ 100, ಅಂದರೆ ಒಂದೊಂದೂ 800 ಕೆ.ಜಿ. ಹೊರಬಲ್ಲದು. ನನ್ನ ಇಡೀ ಗಾಡಿಯ ತೂಕವೇ ಸಾವಿರ. ಬೊಲೆರೊಗೆ ಹಾಕುವಷ್ಟು ಗಾಳಿ ತುಂಬಿದರೆ ಜಿಪ್ಸಿಯಲ್ಲಿ ಟೈರ್ ಕಲ್ಲಾಗುತ್ತದೆ, ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಸರಿಯಾದ ಒತ್ತಡ ಕಂಡುಹಿಡಿಯಲು ಸೀಮೆಸುಣ್ಣ ಸಾಕು. ಟೈರಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ದಪ್ಪಗೆ ಗೆರೆ ಎಳೆದು, ನೇರ ರಸ್ತೆಯಲ್ಲಿ ನೂರು ಮೀಟರ್ ಓಡಿಸಿ, ಇಳಿದು ನೋಡಿದೆ. 30 ಪಿ.ಎಸ್.ಐ. ಒತ್ತಡದಲ್ಲಿ ನಡುವಿನ ಸುಣ್ಣ ಮಾತ್ರ ಅಳಿಸಿ, ಎರಡೂ ಬದಿಯಲ್ಲಿ ಎರಡು ಬೆರಳಗಲ ಬೆಳ್ಳಗೆ ಉಳಿದಿತ್ತು. 27ರಲ್ಲಿ ಒಂದು ಬೆರಳು. 24ರಲ್ಲಿ ಅಂಚಿನವರೆಗೂ ಸಮನಾಗಿ ಅಳಿಸಿತು. ರಸ್ತೆಗೆ 24 ಎಂದು ಬರೆದಿಟ್ಟುಕೊಂಡೆ. ಏರಿಯಲ್ಲಿ 16ಕ್ಕೆ ಇಳಿಸುತ್ತೇನೆ. ಆಗ ಟೈರ್ ಉದ್ದಕ್ಕೆ ಹರಡಿಕೊಂಡು ಕಲ್ಲಿನ ಅಂಚನ್ನು ಅಂಗೈಯಂತೆ ತಬ್ಬುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಲೇಬೇಕು. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಪಕ್ಕದ ಗೋಡೆ ಕಾಯ್ದು ಸೀಳುತ್ತದೆ. ಸ್ಪೀಡೋಮೀಟರ್ ಈಗ 60 ತೋರಿಸಿದರೆ ನಿಜವಾದ ವೇಗ 63. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಸ್ಪ್ರಿಂಗ್‌ಗೆ ತೀರಾ ಹತ್ತಿರ ಬರುತ್ತಿದ್ದುದರಿಂದ ಸ್ಟಾಪರ್ ಬೋಲ್ಟನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ.

ನವೆಂಬರ್‌ನಲ್ಲಿ ಒಂದು ಮಳೆ ಬಿದ್ದ ಮರುದಿನ ಅದೇ ಮೋರಿಗೆ ಹೋದೆ. ಹೊಸ ಟೈರು, 16ರ ಗಾಳಿ. ಏರಿಯ ಕೆಸರು ಏನೂ ಅನ್ನಿಸಲಿಲ್ಲ. ಚಪ್ಪಡಿಯ ಮೇಲೆ ಮಾತ್ರ ಎರಡು ಸಲ ನಿಂತು, ಮೂರನೆಯ ಸಲ ಸ್ವಲ್ಪ ವೇಗ ಕೊಟ್ಟಾಗ ದಾಟಿತು. ಆ ಇಕ್ಕಟ್ಟಿನಲ್ಲಿ ವೇಗ ಕೊಡುವುದು ನನಗೆ ಇಷ್ಟವಿಲ್ಲ. ಟೈರಿನಿಂದ ಆಗುವಷ್ಟು ಆಗಿತ್ತು, ಉಳಿದದ್ದು ಲಾಕರ್‌ನ ಕೆಲಸ.

ಬನ್ನಿಮಂಟಪದ ಕಡೆ ನನ್ನ ಗಾಡಿಯನ್ನು ಹದಿನೈದು ವರ್ಷದಿಂದ ನೋಡಿಕೊಳ್ಳುವ ಮೇಸ್ತ್ರಿಯ ಬಳಿ ಕೂತು ಒಂದೊಂದನ್ನೇ ತೂಗಿದೆವು. ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಗೇರುಗಳನ್ನು ವೆಲ್ಡ್ ಮಾಡಿಬಿಡುವುದು ಎಲ್ಲಕ್ಕಿಂತ ಅಗ್ಗ. ಆದರೆ ಆಗ ಎರಡು ಚಕ್ರಗಳು ಎಂದೆಂದಿಗೂ ಒಟ್ಟಿಗೇ ತಿರುಗುತ್ತವೆ. ಪ್ರತಿ ತಿರುವಿನಲ್ಲೂ ಟೈರ್ ಉಜ್ಜುತ್ತದೆ, ಶಾಫ್ಟ್ ತಿರುಚಿಕೊಳ್ಳುತ್ತದೆ. ರಸ್ತೆಗೆ ಇಳಿಯುವ ಗಾಡಿಗೆ ಅದು ಸಲ್ಲದು. ಪ್ಲೇಟುಗಳ ತಿಕ್ಕಾಟದಿಂದ ಒಂದೇ ಚಕ್ರ ತಿರುಗುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಸವೆಯುತ್ತದೆ, ಒಂದು ಚಕ್ರ ಪೂರ್ತಿ ಗಾಳಿಗೆ ಬಂದರೆ ಅದರ ಸಹಾಯ ಅಲ್ಪ. ಹಲ್ಲುಗಳ ತಿಕ್ಕಾಟದಿಂದ ಕೆಲಸ ಮಾಡುವ ಟಾರ್ಸನ್ ಬಗೆಯದು ರಸ್ತೆಯಲ್ಲಿ ಬಲು ಸೊಗಸು. ಆದರೆ ಅದು ಹಿಡಿತವಿಲ್ಲದ ಚಕ್ರದ ಬಲವನ್ನು ಇಷ್ಟು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುತ್ತದೆ. ಸೊನ್ನೆಯನ್ನು ಎಷ್ಟು ಪಟ್ಟು ಮಾಡಿದರೂ ಸೊನ್ನೆಯೇ. ಗಾಳಿಯ ಒತ್ತಡದಿಂದ ಬೀಳುವ ಏರ್ ಲಾಕರ್ ಎಲ್ಲಕ್ಕಿಂತ ಉತ್ತಮ. ಗುಂಡಿ ಒತ್ತಿದರೆ ಪೂರ್ತಿ ಲಾಕ್, ಬಿಟ್ಟರೆ ಸಾದಾ ಡಿಫರೆನ್ಷಿಯಲ್. ಕಂಪ್ರೆಸರ್, ಪೈಪು ಎಲ್ಲ ಸೇರಿ ಅದರ ಬೆಲೆಗೆ ಒಳ್ಳೆಯ ಕರೆಯುವ ಹಸು ಬರುತ್ತದೆ. ನಮ್ಮ ಮನೆಯಲ್ಲಿ ಹಸುವಿಗೇ ಮೊದಲ ಸ್ಥಾನ.

ಉಳಿದದ್ದು ಲಂಚ್ ಬಾಕ್ಸ್ ಲಾಕರ್ ಎಂದು ಕರೆಯುವ ಬಗೆ. ಹಳೆಯ ಕೇಸನ್ನೇ ಇಟ್ಟುಕೊಂಡು, ಒಳಗಿನ ಸ್ಟಾರ್ ಗೇರು ಮತ್ತು ಸೈಡ್ ಗೇರುಗಳ ಜಾಗಕ್ಕೆ ಹಲ್ಲಿನ ನಾಲ್ಕು ಬಿಲ್ಲೆಗಳನ್ನು ಕೂರಿಸುತ್ತಾರೆ. ಎಂಜಿನ್ ಎಳೆಯುವಾಗ ಬಿಲ್ಲೆಗಳು ಕಚ್ಚಿಕೊಂಡು ಎರಡೂ ಚಕ್ರ ಒಟ್ಟಿಗೆ ಓಡುತ್ತವೆ; ತಿರುವಿನಲ್ಲಿ ಮುಂದಕ್ಕೆ ಓಡುವ ಚಕ್ರದ ಹಲ್ಲು ಟಕ್ ಟಕ್ ಎಂದು ಜಾರಿ ದಾರಿ ಬಿಡುತ್ತದೆ. ಗುಂಡಿಯಿಲ್ಲ, ತಂತಿಯಿಲ್ಲ.

ಇದನ್ನು ಹಿಂದಿನ ಆಕ್ಸಲ್‌ಗೆ ಹಾಕಿಸುವುದು ವಾಡಿಕೆ. ಏರು ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತದೆ, ಅಲ್ಲಿಯ ಶಾಫ್ಟ್‌ಗಳು ಗಟ್ಟಿ. ಮೇಸ್ತ್ರಿಯೂ ಹಾಗೇ ಹೇಳಿದರು. ನಾನು ಒಪ್ಪಲಿಲ್ಲ. ನಾಲೆಯ ಏರಿ ಒಂದು ಕಡೆಗೆ ಇಳಿಜಾರಾಗಿರುತ್ತದೆ, ಬಹಳ ಕಡೆ ನೀರಿನ ಕಡೆಗೇ. ಅಂಥ ಓರೆ ಕೆಸರಿನಲ್ಲಿ ಸಾದಾ ಡಿಫರೆನ್ಷಿಯಲ್ ಇದ್ದರೆ ಒಂದು ಚಕ್ರ ಸುಮ್ಮನೆ ತಿರುಗುತ್ತದೆ, ಇನ್ನೊಂದು ನಿಂತಲ್ಲೇ ನೆಲ ಕಚ್ಚಿ ಗಾಡಿಯ ಹಿಂಭಾಗವನ್ನು ಹಿಡಿದಿಡುತ್ತದೆ. ಲಾಕ್ ಆದ ಆಕ್ಸಲ್‌ನಲ್ಲಿ ಎರಡೂ ಒಟ್ಟಿಗೆ ಜಾರುತ್ತವೆ. ಜಾರುವ ಚಕ್ರಕ್ಕೆ ಪಕ್ಕದ ಹಿಡಿತವೂ ಇರುವುದಿಲ್ಲ. ಬಾಲ ಇಳಿಜಾರಿನ ಕಡೆಗೆ, ಅಂದರೆ ನಾಲೆಯ ಕಡೆಗೆ ಹೋಗುತ್ತದೆ. 2018ರ ನವೆಂಬರ್ 24ರಂದು ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಉರುಳಿ 30 ಜನ ಹೋದರು. ಆ ದಿನದ ಕಾರಣಗಳೇ ಬೇರೆ. ಆದರೆ ನಮ್ಮ ತಾಲ್ಲೂಕಿನಲ್ಲಿ ನಾಲೆಯ ಪಕ್ಕ ಗಾಡಿ ಓಡಿಸುವ ಯಾರೂ ಅದನ್ನು ಮರೆತಿಲ್ಲ. ತಾನಾಗಿ ಬೀಳುವ ಲಾಕನ್ನು ಹಿಂದಿನ ಆಕ್ಸಲ್‌ನಲ್ಲಿ ಇಟ್ಟುಕೊಂಡು ದಿನಾ ಆ ಏರಿಯ ಮೇಲೆ ಬರಲು ನಾನು ಸಿದ್ಧನಿರಲಿಲ್ಲ.

ಮುಂದಿನ ಆಕ್ಸಲ್‌ನಲ್ಲಿ ಅದೇ ಲಾಕರ್ ಬೇರೆಯೇ ವಸ್ತುವಾಗುತ್ತದೆ. ಹಬ್ ಲಾಕ್ ಬಿಡಿಸಿದ್ದರೆ ಮುಂದಿನ ಶಾಫ್ಟ್‌ಗಳು ತಿರುಗುವುದೇ ಇಲ್ಲ, ಲಾಕರ್ ಇದ್ದರೂ ಇಲ್ಲದಂತೆ. ಮೋರಿ ಬಂದಾಗ ಇಳಿದು ಹಬ್ ತಿರುಗಿಸಿ, ಫೋರ್ ವೀಲ್ ಹಾಕಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಏರ್ ಲಾಕರ್‌ನ ಗುಂಡಿಯನ್ನು ನಾನು ಹೊರಗಿಳಿದು ಕೈಯಾರೆ ಒತ್ತಿದಂತಾಯಿತು. ಇದಕ್ಕೂ ಬೆಲೆಯಿದೆ: ಲಾಕ್ ಆದ ಮುಂದಿನ ಚಕ್ರಗಳು ನೇರಕ್ಕೇ ಹೋಗಲು ಹವಣಿಸುತ್ತವೆ, ಸ್ಟೇರಿಂಗ್ ಭಾರವಾಗುತ್ತದೆ. ಚಕ್ರ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಶಾಫ್ಟ್ ತುದಿಯ ಗುಂಡು ಜಾಯಿಂಟ್ ಮುರಿಯುತ್ತದೆ. ಟೈರನ್ನು 215ಕ್ಕೇ ನಿಲ್ಲಿಸಿದ್ದು ಇಲ್ಲಿಯೂ ಒಳ್ಳೆಯದಾಯಿತು, ಅಷ್ಟು ಕಡಿಮೆ ಹೊರೆ ಆ ಜಾಯಿಂಟ್ ಮೇಲೆ. ಇಷ್ಟನ್ನು ಕೇಳಿ ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿಯಪ್ಪ, ಓಡಿಸುವವನು ನೀನು. ಆದರೆ ಮುಂದಿನದನ್ನು ಬಿಚ್ಚುವುದು ಎರಡು ದಿನದ ಕೆಲಸ, ಅವಸರ ಮಾಡಬೇಡ" ಎಂದರು.

ಜನವರಿಯಲ್ಲಿ, ಭತ್ತದ ಒಕ್ಕಣೆ ಮುಗಿದ ಮೇಲೆ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಏರಿಸಿದೆವು. ಚಕ್ರ, ಬ್ರೇಕ್ ಕ್ಯಾಲಿಪರ್, ಫ್ರೀ ವೀಲ್ ಹಬ್, ಬೇರಿಂಗ್, ಸ್ಪಿಂಡಲ್ ಎಲ್ಲ ಬಿಚ್ಚಿದ ಮೇಲೆಯೇ ಶಾಫ್ಟ್ ಹೊರಬರುವುದು. ಬಲಗಡೆಯದು ಬರುತ್ತಿದ್ದಂತೆ ನಕಲ್, ಅಂದರೆ ಸ್ಟೇರಿಂಗ್ ಜೊತೆ ಚಕ್ರ ತಿರುಗುವ ಕೀಲಿನ ಗೂಡು, ಅದರೊಳಗಿನಿಂದ ಅಂಬಲಿಯಂಥ ಕಪ್ಪು ನೀರು ಸುರಿಯಿತು. ಒಳಗಿನ ಆಯಿಲ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟು, ಡಿಫರೆನ್ಷಿಯಲ್‌ನ ಎಣ್ಣೆ ನಕಲ್‌ಗೆ ಸೋರಿ ಅಲ್ಲಿಯ ಗ್ರೀಸನ್ನೆಲ್ಲ ಕರಗಿಸಿತ್ತು. ಹೊರಗಿನಿಂದ ನೋಡಿದರೆ ಚೂರು ಒದ್ದೆ ಮಾತ್ರ ಕಾಣುತ್ತಿತ್ತು. ಜಾಯಿಂಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿದೆವು. ಗುಂಡುಗಳ ಹಾದಿಯಲ್ಲಿ ಹೊಳಪಿತ್ತು, ಗುಳಿ ಬಿದ್ದಿರಲಿಲ್ಲ. ಎರಡೂ ಕಡೆ ಸೀಲ್ ಹೊಸದು, ಗ್ರೀಸ್ ಹೊಸದು. ಲಾಕರ್ ಹಾಕಿಸದಿದ್ದರೂ ಈ ಕೆಲಸ ಆಗಲೇಬೇಕಿತ್ತು.

ಡಿಫರೆನ್ಷಿಯಲ್ ಇರುವ ಕ್ರೌನ್ ಸೆಟ್ ಇಳಿಸಿ ಬೆಂಚಿನ ಮೇಲಿಟ್ಟ ಮೇಲೆ, ಮೇಸ್ತ್ರಿ ಒಂದೂ ಬೋಲ್ಟ್ ಬಿಚ್ಚುವ ಮೊದಲು ಪಂಚ್ ತೆಗೆದುಕೊಂಡರು. ಎಡ ಬೇರಿಂಗ್ ಕ್ಯಾಪ್‌ಗೆ ಒಂದು ಚುಕ್ಕಿ, ಬಲಕ್ಕೆ ಎರಡು, ಹೊಂದಿಸುವ ನಟ್‌ಗಳ ಜಾಗಕ್ಕೂ ಗುರುತು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆದು ಕಾಗದದಲ್ಲಿ ಬರೆದರು: 0.13 ಮಿ.ಮೀ. ಎಲ್ಲ ಮುಗಿದ ಮೇಲೆ ಇಷ್ಟಕ್ಕೇ ವಾಪಸ್ ಬರಬೇಕು, ಇಲ್ಲವಾದರೆ ಗಾಡಿ ಊಳಿಡುತ್ತದೆ ಎಂದರು. ಲಾಕರ್‌ನ ಬಿಲ್ಲೆಗಳನ್ನು ಕೂರಿಸಿ, ನಡುವಿನ ಎರಡು ಬಿಲ್ಲೆಗಳ ಸಂದನ್ನು ಫೀಲರ್ ಗೇಜ್‌ನಿಂದ ನೋಡಿದಾಗ ಕೈಪಿಡಿಯ ಮಿತಿಗಿಂತ ಹೆಚ್ಚಿತ್ತು. ಸಂದು ಹೆಚ್ಚಾದರೆ ಹಲ್ಲು ಪೂರ್ತಿ ಕಚ್ಚುವುದಿಲ್ಲ, ಭಾರ ಬಿದ್ದಾಗ ತುದಿ ಒಡೆಯುತ್ತದೆ. ಕಾರಣ ಹಳೆಯ ಥ್ರಸ್ಟ್ ವಾಷರ್‌ಗಳು. ಒಂದರ ಮುಖ ಉಗುರಿಗೆ ಸಿಗುವಷ್ಟು ಸವೆದಿತ್ತು. ಹೊಸ ವಾಷರ್ ಸಿಗಲು ಒಂದು ದಿನ ಕಾಯಬೇಕಾಯಿತು. ಮತ್ತೆ ಅಳೆದಾಗ ಮಿತಿಯೊಳಗೆ ಬಂತು. ಸಡಿಲವೂ 0.13ಕ್ಕೇ ನಿಂತಿತು. ಎಲ್ಲ ಜೋಡಿಸಿ 80-90ರ ಗೇರ್ ಆಯಿಲ್ ಎರಡು ಲೀಟರ್ ತುಂಬಿದೆವು.

ನೆಲಕ್ಕಿಳಿಸುವ ಮುನ್ನ ಒಂದು ಪರೀಕ್ಷೆ. ಮುಂದಿನ ಎರಡೂ ಚಕ್ರ ಗಾಳಿಯಲ್ಲಿ, ಹಬ್ ಲಾಕ್, ಫೋರ್ ವೀಲ್, ಎಂಜಿನ್ ನಿಲ್ಲಿಸಿ ಗಾಡಿ ಗೇರಿನಲ್ಲಿ. ನಾನು ಎಡ ಚಕ್ರವನ್ನು ಮುಂದಕ್ಕೆ ತಿರುಗಿಸಿ, ತಡೆ ಸಿಕ್ಕಲ್ಲಿ ಹಿಡಿದು ನಿಂತೆ. ಮೇಸ್ತ್ರಿ ಬಲ ಚಕ್ರವನ್ನು ಹಿಂದಕ್ಕೆ ತಿರುಗಿಸಿದರು. ಟಕ್, ಟಕ್, ಟಕ್ ಎಂದು ಸಲೀಸಾಗಿ ತಿರುಗಿತು. ಅದನ್ನೇ ಮುಂದಕ್ಕೆ ತಿರುಗಿಸಲು ಹೋದಾಗ ಗೋಡೆಗೆ ತಗುಲಿದಂತೆ ನಿಂತಿತು. ಅದಲುಬದಲು ಮಾಡಿ ನೋಡಿದೆವು, ಹಾಗೆಯೇ. ಆ ಸದ್ದು ಕೇಳಿದಾಗ ಆದ ಸಂತೋಷ ಇನ್ನೂ ಕಿವಿಯಲ್ಲಿದೆ.

ಮೊದಲ ವಾರ ಒಣಗಿದ ಕೆರೆಯಂಗಳದಲ್ಲಿ ಅಭ್ಯಾಸ ಮಾಡಿದೆ. ಮೇಸ್ತ್ರಿ ಹೇಳಿಕೊಟ್ಟ ಒಂದು ಉಪಾಯ ಅಲ್ಲಿ ಬಹಳ ಉಪಯೋಗಕ್ಕೆ ಬಂತು: ಸಮತಟ್ಟಾದ ಕೆಸರಿನಲ್ಲಿ ಒಂದೇ ಹಬ್ ಲಾಕ್ ಮಾಡಿದರೆ ಮುಂದೆ ಒಂದು ಚಕ್ರ ಎಳೆಯುತ್ತದೆ, ಸ್ಟೇರಿಂಗ್ ಹಗುರವಾಗಿಯೇ ಇರುತ್ತದೆ. ಸ್ವಲ್ಪ ಒಂದು ಬದಿಗೆ ಎಳೆದರೂ ಕೈ ಬೇಗ ಹೊಂದಿಕೊಳ್ಳುತ್ತದೆ. ಎರಡನ್ನೂ ಲಾಕ್ ಮಾಡುವುದು ಮೋರಿಗೆ ಮಾತ್ರ.

ಜೂನ್‌ನಲ್ಲಿ ಮುಂಗಾರು ಬಿದ್ದ ಮೇಲೆ ನಿಜವಾದ ದಿನ ಬಂತು. ಏರಿಯ ಮೇಲೆ ಹಬ್ ಲಾಕ್ ಮಾಡದೆಯೇ ನಿಧಾನವಾಗಿ ಬಂದೆ. ಮೋರಿಯ ಮುಂದೆ ನಿಲ್ಲಿಸಿ, ಇಳಿದು, ಎರಡೂ ಹಬ್ ತಿರುಗಿಸಿದೆ. ಅಪ್ಪ ಪಕ್ಕದಲ್ಲಿ ಹಾಲಿನ ಕ್ಯಾನನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಲೋ ಗೇರು, ಮೊದಲನೆಯದು, ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ ಎನ್ನುವಷ್ಟು. ಎಡ ಚಕ್ರ ಮೇಲೆದ್ದಿತು, ಆದರೆ ಸುಯ್ಯೆನ್ನಲಿಲ್ಲ. ಕಲ್ಲಿನ ಮೇಲಿದ್ದ ಬಲ ಚಕ್ರದ ಜೊತೆ ಹೆಜ್ಜೆ ಹಾಕುವಂತೆ ಒಂದೇ ಸಮನೆ ತಿರುಗಿತು. ಟೈರಿನ ಗಟ್ಟಿಗಳು ಚಪ್ಪಡಿಯ ಅಂಚನ್ನು ಒಂದೊಂದಾಗಿ ಹಿಡಿದು ಬಿಡುವುದು ಕಿಟಕಿಯಿಂದ ಬಗ್ಗಿದಾಗ ಕಾಣುತ್ತಿತ್ತು. ಗಾಡಿ ನಡಿಗೆಯ ವೇಗದಲ್ಲಿ ಆಚೆ ಇಳಿಯಿತು. ಅಪ್ಪ ಕ್ಯಾನಿನ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು.

500 ಕಿಲೋಮೀಟರ್ ಆದ ಮೇಲೆ ಮುಂದಿನ ಗೇರ್ ಆಯಿಲ್ ಇಳಿಸಿ, ಬಟ್ಟೆಯಲ್ಲಿ ಸೋಸಿ, ಅಯಸ್ಕಾಂತ ಆಡಿಸಿ ನೋಡಿದೆ. ಬೂದು ಬಣ್ಣದ ನುಣ್ಣನೆಯ ಹುಡಿ ಅಂಟಿತ್ತು. ಬೆರಳಲ್ಲಿ ತಿಕ್ಕಿದರೆ ವಿಭೂತಿಯಂತೆ ಹರಡಿತು, ಚೂರು ಯಾವುದೂ ಕೈಗೆ ಸಿಗಲಿಲ್ಲ. ನಕಲ್‌ಗಳ ಕೆಳಭಾಗ ಎರಡೂ ಕಡೆ ಒಣಗಿಯೇ ಇದೆ.